ಗಿಡಗಳಿಗೆ ನೆಂಟಸ್ತಿಕೆ ಹುಡುಕುವ ಅತ್ತೆ

ನಮ್ಮ ಅತ್ತೆಯ ಪ್ರಕಾರ ಈ ಭೂಮಿಯ ಮೇಲೆ ಕಳೆ ಎಂಬುದೇ ಇಲ್ಲ. ಇರುವುದೆಲ್ಲ ನೆಂಟರು! ಕೆಲವರು ಹತ್ತಿರದವರು, ಕೆಲವರು ದೂರದವರು, ಇನ್ನು ಕೆಲವರು ಮನೆಗೆ ಸೇರಿಸಬಾರದವರು. ಅಷ್ಟೇ ವ್ಯತ್ಯಾಸ.

ಅತ್ತೆ ಎಂದರೆ ನನ್ನ ಗಂಡನ ಸೋದರತ್ತೆ. ಮದುವೆಯಾಗದೆ ಪಂಜ ಎಂಬ ಊರಿನ ಈ ಮನೆಯಲ್ಲೇ ಉಳಿದವರು. ನನ್ನನ್ನು ನೋಡಲು ಇವರೆಲ್ಲ ಚನ್ನರಾಯಪಟ್ಟಣಕ್ಕೆ ಬಂದಾಗಲೇ ನನಗೆ ಅವರ ಪರಿಚಯವಾಗಬೇಕಿತ್ತು. ಆಗಲಿಲ್ಲ. ಉಳಿದವರು ಉಪ್ಪಿಟ್ಟು ತಿನ್ನುತ್ತ ನನ್ನನ್ನು ನೋಡುತ್ತಿದ್ದರೆ ಇವರು ನಮ್ಮ ಹಿತ್ತಲಲ್ಲಿದ್ದರು! ಹೊರಡುವ ಹೊತ್ತಿಗೆ ಸೀರೆಯ ನೆರಿಗೆಗೆಲ್ಲ ಉತ್ತರಾಣಿ ಕಾಳು ಅಂಟಿಸಿಕೊಂಡು ಬಂದು ತೀರ್ಪು ಕೊಟ್ಟರಂತೆ: "ನಮ್ಮಲ್ಲಿ ಇಲ್ಲದ ಗಿಡ ಇಲ್ಲಿ ಸುಮಾರು ಉಂಟು. ಹುಡುಗಿ ಅಡ್ಡಿಲ್ಲ." ನನ್ನ ಮದುವೆ ಯಾರಿಂದ ಕುದುರಿತು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತವರಿನ ಹಿತ್ತಲಿನ ಹೆಸರು ಹೇಳುತ್ತೇನೆ.

ಬಂದ ಹೊಸತರಲ್ಲಿ ಸುತ್ತಲಿನವರೆಲ್ಲ ತುಳು, ಅರೆಭಾಷೆ ಮಾತಾಡುವವರು. ನನಗೆ ಎರಡೂ ಬಾರದು. ಒಬ್ಬಳೇ ಕೂತು ಕಣ್ಣೊರೆಸಿಕೊಳ್ಳುವುದನ್ನು ಕಂಡ ಅತ್ತೆ, "ಬಾ, ಇಲ್ಲಿಯವರ ಪರಿಚಯ ಮಾಡಿಸ್ತೇನೆ" ಎಂದು ಕರೆದೊಯ್ದರು. ನಾನು ಸೀರೆ ಬದಲಿಸಿ, ಹೂ ಮುಡಿದು ಹೊರಟೆ. ಕರೆದೊಯ್ದದ್ದು ಗುಡ್ಡಕ್ಕೆ! ಅಲ್ಲಿ ಶುರುವಾಯಿತು ನೋಡಿ ಪಾಠ. ಹೆಸರು ಕೇಳುವಂತಿಲ್ಲ. "ಹೆಸರು ಕಡೆಗೆ. ಮೊದಲು ಎಲೆ ತಿರುಗಿಸಿ ಬೆನ್ನು ನೋಡು, ಉಜ್ಜಿ ಮೂಸು, ಗೀರಿ ನೋಡು, ಹಾಲುಂಟಾ?" ಆಮೇಲೆ ಸಂಬಂಧ. ಕೇಪಳ ಹೂವಿಗೆ ಕಾಫಿ ಗಿಡ ದೊಡ್ಡಪ್ಪನ ಮಗ. ಲಂಟಾನ ಎಂದರೆ ಕರೆಯದೆ ಊಟಕ್ಕೆ ಬಂದು, ಕೈ ತೊಳೆದ ಮೇಲೂ ಹೋಗದವ. ಒಂದೆಲಗದಂತೆಯೇ ಕಾಣುವ, ಆದರೆ ತಂಬುಳಿಗೆ ಆಗದ ಸೊಪ್ಪು ಅದರ ನಾದಿನಿ: "ನೋಡ್ಲಿಕ್ಕೆ ಚಂದ, ಅಡುಗೆಗೆ ಬರುದಿಲ್ಲ." ಇದನ್ನು ಹೇಳುವಾಗ ಜೊತೆಗೆ ಬಂದಿದ್ದ ನನ್ನ ನಾದಿನಿ ಪಕ್ಕದಲ್ಲೇ ಇದ್ದಳು. ವಾರವಿಡೀ ಮಾತು ಬಿಟ್ಟಳು.

ಮಾತಾಡಲು ಜನ ಸಿಗುವ ಮೊದಲೇ ನನಗೆ ಹೀಗೆ ದಾರಿಯುದ್ದಕ್ಕೂ ಗುರುತಿನವರಾದರು. ಪರ ಊರು ನಮ್ಮೂರಾದದ್ದು ಹಾಗೆ.

ಒಮ್ಮೆ ನಾನು ಮೊಬೈಲಿಗೆ ಗಿಡ ಗುರುತಿಸುವ ಆ್ಯಪ್ ಹಾಕಿಕೊಂಡೆ.

"ನೋಡಿ ಅತ್ತೆ, ಫೋಟೋ ತೆಗೆದ್ರೆ ಸಾಕು, ಹೆಸರು ಬರುತ್ತೆ!"

"ಅದಕ್ಕೆ ಮೂಗುಂಟಾ?"

"ಇಲ್ಲ."

"ಪಾಪ."

ಒಂದು ಸಲ ಮಾತ್ರ ಅತ್ತೆ ತಪ್ಪಿ, ಆ್ಯಪ್ ಹೇಳಿದ್ದೇ ಸರಿಯಾಯಿತು. ಮರುದಿನ ಹುಳ ತಿಂದು ತೂತಾದ ಎಲೆಯೊಂದನ್ನು ತಂದು ಫೋನಿನ ಮುಂದೆ ಹಿಡಿದು, "ಈಗ ಹೇಳ್ಲಿ!" ಎಂದರು.

ಇವರ ಜೊತೆ ಬಸ್ಸು ಹತ್ತುವುದೆಂದರೆ ಅದೊಂದು ಕತೆ. ಕಡಬಕ್ಕೆ ಮದುವೆಗೆ ಹೊರಟಿದ್ದೆವು. ನಡುವೆ ಬಸ್ಸು ಎಲ್ಲೋ ನಿಂತದ್ದೇ ಅತ್ತೆ ಇಳಿದು ರಸ್ತೆ ಬದಿಯ ಮಣ್ಣಿನ ಧರೆಯ ಕಡೆ ನಡೆದುಬಿಟ್ಟರು. ಕಂಡಕ್ಟರ್ ಕೂಗಿದ, "ಅಮ್ಮ, ನೀವು ಬರುದಾ, ನಾವು ಹೋಗುದಾ?"

"ಒಂದು ನಿಮಿಷ ಮಾರಾಯ, ಇವನನ್ನು ಎಲ್ಲೋ ನೋಡಿದ್ದೇನೆ!"

ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿದರು. ಅಲ್ಲಿದ್ದದ್ದು ಒಂದು ಬಳ್ಳಿ! ಅವರನ್ನು ಕರೆತರಲು ನಾನೂ ಇಳಿದದ್ದೇ ಆ ಬಸ್ಸು ನಮ್ಮನ್ನು ಬಿಟ್ಟೇ ಹೋಯಿತು. ಇನ್ನೊಂದು ಹಿಡಿದು ತಲುಪುವಾಗ ವಧೂವರರು ಊಟಕ್ಕೆ ಕೂತಿದ್ದರು. ಉಡುಗೊರೆ ಕೊಡಲೆಂದು ಅತ್ತೆ ಚೀಲಕ್ಕೆ ಕೈ ಹಾಕಿದರೆ ಮೊದಲು ಬಂದದ್ದು ಆ ಬಳ್ಳಿಯೇ.

ಇನ್ನು ಆಟಿ ಅಮಾವಾಸ್ಯೆ, ಅಂದರೆ ಆಷಾಢದ ಅಮಾವಾಸ್ಯೆ. ಆ ದಿನ ನಮ್ಮ ಕಡೆ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಕುಟ್ಟಿ ತಂದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಕಷಾಯ ಮಾಡಿ ಮನೆಮಂದಿಯೆಲ್ಲ ಕುಡಿಯಬೇಕು. ಕಹಿ ಎಂದರೆ ಎಂಥ ಕಹಿ! ಆದರೆ ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಮುಗಿಯಿತು. ಅದು ವಿಷ. ಅದಕ್ಕೇ ಅತ್ತೆ ಹಿಂದಿನ ಸಂಜೆಯೇ ಗುಡ್ಡಕ್ಕೆ ಹೋಗಿ ಪಾಲೆ ಮರಕ್ಕೆ ಬಟ್ಟೆ ಚೂರು ಕಟ್ಟಿ ಬರುತ್ತಿದ್ದರು.

ಅಷ್ಟಾದ ಮೇಲೂ ಇನ್ನೊಂದು ಹಟ. ಮೊದಲ ಲೋಟ ಅವರಿಗೇ ಆಗಬೇಕು! ಕುಡಿದು ಜಗಲಿಯಲ್ಲಿ ಅರ್ಧ ಗಂಟೆ ಕೂರುತ್ತಾರೆ. ಅಷ್ಟು ಹೊತ್ತು ಬೇರೆ ಯಾರೂ ಪಾತ್ರೆ ಮುಟ್ಟುವಂತಿಲ್ಲ. "ಕಷಾಯಕ್ಕೂ ಅಗ್ರಪೂಜೆಯಾ?" ಎಂದು ನನ್ನ ಗಂಡ ರೇಗಿಸುತ್ತಿದ್ದರು. ಪಾಯಸಕ್ಕೆ ಮುನ್ನುಗ್ಗುವವರನ್ನು ಲೋಕದಲ್ಲಿ ಬೇಕಾದಷ್ಟು ಕಂಡಿದ್ದೇನೆ, ಕಷಾಯಕ್ಕೆ ಮುನ್ನುಗ್ಗುವವರು ಇವರೊಬ್ಬರೇ!

ಕಳೆದ ವರ್ಷ ಅತ್ತೆಯ ಕಾಲು ಉಳುಕಿತ್ತು. "ಈ ಸಲ ನೀನು ಹೋಗಿ ಬಟ್ಟೆ ಕಟ್ಟಿ ಬಾ" ಎಂದರು. ನಾನೊಬ್ಬಳೇ ಹೋದೆ. ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಒಂದೇ ಕಡೆಯಿಂದ ಸುತ್ತ ಹರಡಿದ್ದವು. ಗೀರಿದರೆ ಕಾಸರಕದಲ್ಲಿ ಇರದ ಬಿಳಿ ಹಾಲು ಬಂತು. ಆದರೂ ಗಂಟು ಹಾಕುವ ಮೊದಲು ಇನ್ನೊಂದು ಸಲ ಗೀರಿ ನೋಡಿದೆ.

ಬೆಳಿಗ್ಗೆ ಗಂಡ ಅದೇ ಮರದ ತೊಗಟೆ ತಂದರು, ಕಷಾಯವೂ ಆಯಿತು. ಮಗಳು ಆಗಲೇ ಮೂಗು ಹಿಡಿದು ನಿಂತಿದ್ದಳು. ಅವಳದು ಬೇಗ ಮುಗಿಯಲಿ ಎಂದು ಲೋಟ ಚಾಚಿದೆ. ಅತ್ತೆ ಕುಂಟುತ್ತ ಬಂದು ನನ್ನ ಕೈ ಹಿಡಿದರು.

"ಮಗುವಿಗೆ ಈಗ ಬೇಡ. ಮೊದಲು ನನಗೆ."

"ಯಾಕತ್ತೆ, ಯಾವಾಗ್ಲೂ ನಿಮಗೇ ಮೊದಲು?"

"ಎಂತ ಯಾಕೆ? ಮರ ತಪ್ಪಿದ್ರೆ ನನಗೊಬ್ಬಳಿಗೆ ಆಗ್ಲಿ. ನಿಮಗೆಲ್ಲ ಗಂಡ, ಮಕ್ಕಳು ಅಂತ ಉಂಟು."

ಉಪ್ಪು ಸಾಕಾ ಎಂದು ಕೇಳುವಷ್ಟು ಸಲೀಸಾಗಿ ಹೇಳಿ, ಲೋಟ ಎತ್ತಿ ಕುಡಿದು ಜಗಲಿಯಲ್ಲಿ ಕೂತರು. ಪ್ರತಿ ಆಟಿಯಲ್ಲೂ ಈ ಜೀವ ನಮ್ಮೆಲ್ಲರಿಗೂ ಅಡ್ಡ ನಿಂತು ಆ ಜಗಲಿಯಲ್ಲಿ ಕೂತಿತ್ತು! ಈ ಋಣವನ್ನು ಯಾವ ಮಾತಿನಿಂದ ತೀರಿಸುವುದು? ನಾನು ಇನ್ನೊಂದು ಲೋಟ ಬಗ್ಗಿಸಿಕೊಂಡು ಅವರ ಪಕ್ಕ ಕೂತು ಗಟಗಟನೆ ಕುಡಿದೆ.

"ಮರುಳಾ ನಿನಗೆ? ಮಗು ಉಂಟಲ್ಲ ಮಾರಾಯ್ತಿ!"

"ಮರ ನಾನೇ ನೋಡಿದ್ದು ಅತ್ತೆ. ಎಲೆ ನೋಡಿದೆ, ಹಾಲು ನೋಡಿದೆ. ನೀವು ಹೇಳಿಕೊಟ್ಟದ್ದೇ ಅಲ್ವಾ?"

ಅತ್ತೆ ಎದ್ದು ಮೂರನೆಯ ಲೋಟವನ್ನು ತಾವೇ ಬಗ್ಗಿಸಿ ಮಗಳ ಕೈಗೆ ಕೊಟ್ಟರು. "ಕುಡಿ ಮಗಾ" ಎಂದರು. ಅರ್ಧ ಗಂಟೆ ಕಾಯಲೇ ಇಲ್ಲ.