ಇನ್ನೆರಡು ಪಟ್ಟೆ

ಹೊನ್ನಾಳಿಯ ಅಮಲ್ದಾರರಿಗೆ ಇನ್ನೊಂದು ವಾರ ತಡೆದು ವರ್ಗವಾಗಿದ್ದರೆ ಜಯದೇವಪ್ಪ ಮೇಷ್ಟ್ರ ಹೆಂಡತಿ ಕಸ್ತೂರಮ್ಮನ ಪ್ರಾಣಕ್ಕೆ ಈ ಸಂಕಟ ಬರುತ್ತಿರಲಿಲ್ಲ. ಸರ್ಕಾರಕ್ಕೆ ಅಷ್ಟು ತಾಳ್ಮೆ ಎಲ್ಲಿ? ಅಮಲ್ದಾರರ ಹೆಂಡತಿ ಅವಳಿಗೆ ಉಲ್ಲನ್ ಹೆಣಿಗೆ ಶುರು ಮಾಡುವುದನ್ನು ಕಲಿಸಿದ್ದರು, ಸಾಲಿನ ಮೇಲೆ ಸಾಲು ಹೆಣೆಯುವುದನ್ನು ಕಲಿಸಿದ್ದರು, ಬಣ್ಣ ಬದಲಿಸಿ ಪಟ್ಟೆ ತರುವುದನ್ನೂ ಕಲಿಸಿದ್ದರು. ಕುಣಿಕೆಗಳನ್ನು ಬಿಚ್ಚಿಹೋಗದಂತೆ ಕಡ್ಡಿಯಿಂದ ಇಳಿಸಿ ಹೆಣಿಗೆ ಮುಗಿಸುವುದನ್ನು ನಾಳೆ ಹೇಳಿಕೊಡುತ್ತೇನೆ ಅಂದರು. ನಾಳೆ ಬೆಳಗಾಗುವಷ್ಟರಲ್ಲಿ ಅವರ ಸಾಮಾನು ಗಾಡಿಗೇರುತ್ತಿತ್ತು. ತಾವು ಹೆಣೆದು ಉಳಿದ ಬಣ್ಣಬಣ್ಣದ ನೂಲುಂಡೆಗಳ ಚೀಲವೊಂದನ್ನು ಇವಳ ಕೈಗಿಟ್ಟು, ಚೆನ್ನಾಗಿ ಮುಂದುವರಿಸಿ ಎಂದು ಹರಸಿ ಹೋದರು.

ಕಸ್ತೂರಮ್ಮ ಮುಂದುವರಿಸಿದಳು. ಅವಳಿಗೆ ಬರುತ್ತಿದ್ದದ್ದೇ ಅದೊಂದು.

ಬಿಟ್ಟುಬಿಡಬಹುದಿತ್ತಲ್ಲ ಎಂದರೆ, ಬಿಡುವ ಹಾಗಿರಲಿಲ್ಲ. ಗಂಡನ ಅಕ್ಕ, ಜಗಳೂರಿನ ಬಂಗಾರಮ್ಮ, ಹಿಂದೊಮ್ಮೆ ನೆಂಟರಿಷ್ಟರ ಮುಂದೆ, ತಾನು ಯಜಮಾನರಿಗೆ ಹೆಣೆದ ಮಫ್ಲರ್ ಪೆಟ್ಟಿಗೆಯಲ್ಲಿ ಭದ್ರವಾಗಿದೆಯೆಂದೂ ತಮ್ಮನ ಹೆಂಡತಿಗೆ ಓದುಬರಹವೊಂದು ಬಿಟ್ಟರೆ ಕೈಕೆಲಸವೇನೂ ಬಾರದೆಂದೂ ಆಡಿದ್ದಳು. (ಆ ಮಫ್ಲರನ್ನು ಕಂಡವರು ಯಾರೂ ಇರಲಿಲ್ಲ. ಪೆಟ್ಟಿಗೆ ಅಷ್ಟು ಭದ್ರವಾಗಿತ್ತು.) ಆ ಮಾತು ಕಸ್ತೂರಮ್ಮನಿಗೆ ನಾಟಿತ್ತು. ಬಂಗಾರಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ತನ್ನ ಗಂಡ ಪಟ್ಟೆಪಟ್ಟೆ ಮಫ್ಲರ್ ಸುತ್ತಿಕೊಂಡು ಹೋಗಬೇಕು, ಅಕ್ಕ ನೋಡಿ ಮೂಗಿನ ಮೇಲೆ ಬೆರಳಿಡಬೇಕು. ಇದು ಅವಳ ಮಹಾಸಂಕಲ್ಪ.

ಮಫ್ಲರ್ ಮೇಷ್ಟ್ರ ಕೊರಳು ಸುತ್ತುವಷ್ಟಾಯಿತು, ಮಂಡಿಗಿಳಿಯಿತು, ಪಾದ ಮುಟ್ಟಿತು. ಇನ್ನು ಸಾಕಲ್ಲವೇ ಎಂದು ಅವರು ಕೇಳಿದಾಗಲೆಲ್ಲ ಒಂದೇ ಉತ್ತರ: "ಇನ್ನೆರಡು ಪಟ್ಟೆ ಆಗ್ಲಿ, ತಡೀರಿ." ಬೇರೆ ಹೆಂಗಸರಿಗೆ ನೂಲು ಸಾಲದೇ ಹೋದೀತೆಂಬ ಚಿಂತೆ. ಇವಳಿಗೆ ನೂಲು ತೀರಿದರೆ ಹೆಣಿಗೆ ಮುಗಿಸಬೇಕಲ್ಲ ಎಂಬ ಭಯ. ಚೀಲ ಬರಿದಾದ ಮೇಲೆ ಪಕ್ಕದ ಮನೆ ಸಾವಂತ್ರಮ್ಮನ ಮಗುವಿನ ಹರಿದ ಕುಲಾವಿ ಬಿಚ್ಚಿ ಒಂದು ಕೆಂಪು ಪಟ್ಟೆ, ಪೋಸ್ಟ್ ಮಾಸ್ತರರ ಹಳೆಯ ಕಾಲುಚೀಲ ಬೇಡಿ ತಂದು ಒಂದು ಬೂದು ಪಟ್ಟೆ. ಇದೆಲ್ಲ ತಮ್ಮ ಮೇಲಿನ ಪ್ರೀತಿಯೆಂದೇ ನಂಬಿದ ಮೇಷ್ಟ್ರು ಮಫ್ಲರಿನ ಉದ್ದವನ್ನು ದಿನವೂ ಶಾಲೆಯಲ್ಲಿ ಸಾರುತ್ತಿದ್ದರು. ಪ್ರೀತಿ ಇದ್ದದ್ದೂ ನಿಜ. ಅಷ್ಟು ನಂಬುವ ಗಂಡನ ಮೇಲೆ ಇಲ್ಲದೆ ಇನ್ಯಾರ ಮೇಲೆ ಇರಬೇಕು?

ಜಗಳೂರಿಗೆ ಹೊರಡುವ ದಿನ ಬಂತು. ಎಮ್ಮೆ ಇಂದೋ ನಾಳೆಯೋ ಈಯುತ್ತದೆ, ತಾನು ಬರುವಂತಿಲ್ಲ ಎಂದಳು ಕಸ್ತೂರಮ್ಮ. (ಎಮ್ಮೆಗೆ ಮಾತ್ರ ಈ ವಿಷಯ ತಿಳಿದಿರಲಿಲ್ಲ.) ಮಫ್ಲರನ್ನು ಗಂಡನ ಕೊರಳಿಗೆ ಸುತ್ತಿ, ಮತ್ತೂ ಸುತ್ತಿ, ಕಡ್ಡಿ ಸಿಕ್ಕಿಕೊಂಡೇ ಇದ್ದ ತುದಿಯನ್ನು ಕೋಟಿನೊಳಗೆ ತೂರಿಸಿ ಗುಂಡಿ ಹಾಕಿದಳು.

"ಒಳಗೇನೋ ಚುಚ್ತೈತಲ್ಲೇ," ಅಂದರು ಮೇಷ್ಟ್ರು.

"ಕಡ್ಡಿ ರೀ. ಜಾರಬಾರ್ದು ಅಂತ ಇಟ್ಟಿರೋದು. ಯಾರು ಏನಂದ್ರೂ ಕೋಟು ಬಿಚ್ಚಬ್ಯಾಡ್ರಿ, ಕಡ್ಡಿ ತೆಗೀಬ್ಯಾಡ್ರಿ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜಾರುವುದು ಏನೆಂಬುದನ್ನು ಮಾತ್ರ ಅವಳು ಬಿಡಿಸಿ ಹೇಳಲಿಲ್ಲ.

ಮೇಷ್ಟ್ರು ಹೋದ ಗಳಿಗೆಯಿಂದ ಅವಳಿಗೆ ಅನ್ನ ಸೇರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಕಡ್ಡಿ ಜಾರಿ, ಕೆಂಪು ಪಟ್ಟೆ, ಬೂದು ಪಟ್ಟೆ ಒಂದೊಂದಾಗಿ ಬಿಚ್ಚಿಕೊಂಡು, ಅಕ್ಕನ ಅಂಗಳದಲ್ಲಿ ಗಂಡ ನೂಲಿನ ಗುಡ್ಡೆಯ ನಡುವೆ ನಿಂತ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು.

ಕೊನೆಗೆ ಮೇಷ್ಟ್ರು ಮರಳಿ ಬಂದರು, ಸುಡು ಬಿಸಿಲಿನಲ್ಲೂ ಕೋಟಿನ ಗುಂಡಿ ಬಿಚ್ಚದೆ. ಅಕ್ಕ ಮಫ್ಲರನ್ನು ಮುಟ್ಟಿಮುಟ್ಟಿ ನೋಡಿದಳಂತೆ. ಕಡ್ಡಿಗೆ ಹೆದರಿ ಇವರು ಬೆನ್ನು ಬಗ್ಗಿಸದೆ ಕೂತದ್ದನ್ನು ಕಂಡು ನೆಂಟರೆಲ್ಲ ಮೇಷ್ಟ್ರ ಗಾಂಭೀರ್ಯವನ್ನು ಹೊಗಳಿದರಂತೆ. ಕಸ್ತೂರಮ್ಮನಿಗೆ ಹಿಗ್ಗೋ ಹಿಗ್ಗು. ಆಗ ಮೇಷ್ಟ್ರ ಬೆನ್ನ ಹಿಂದಿನಿಂದ ಬಂಗಾರಮ್ಮ ಪೆಟ್ಟಿಗೆ ಸಮೇತ ಪ್ರತ್ಯಕ್ಷಳಾದಳು.

ಕೂತವಳೇ ಪೆಟ್ಟಿಗೆ ತೆರೆದು ಪಟ್ಟೆಪಟ್ಟೆಯ ಹೆಣಿಗೆಯೊಂದನ್ನು ಹೊರತೆಗೆದಳು. ಅದರ ತುದಿಯಲ್ಲೊಂದು ಕಡ್ಡಿ ತುಕ್ಕು ಹಿಡಿದು ನೇತಾಡುತ್ತಿತ್ತು.

"ಆ ಅಮಲ್ದಾರ್ರ ಹೆಂಡ್ತಿ ನಿಮ್ಮೂರಿಗೆ ಬರಾಕೆ ಮುಂಚೆ ನಮ್ಮೂರಾಗೇ ಇದ್ರು ಕಣಮ್ಮ. ಶುರು ಮಾಡೋದು ಹೇಳ್ಕೊಟ್ರು. ಮುಗಿಸೋದು ನಾಳೆ ಅಂದ್ರು, ವರ್ಗ ಆತು. ಅವತ್ತು ನಿನಗೆ ಏನೇನೋ ಅಂದೆ, ಮನಸ್ನಾಗೆ ಇಟ್ಕಬ್ಯಾಡ. ಮುಗಿಸೋದು ಹೆಂಗೆ ಅಂತ ಒಂದು ಹೇಳ್ಕೊಡು."

ಕಸ್ತೂರಮ್ಮನಿಗೆ ಅಕ್ಕನ ಮೇಲೆ ಎಂದೂ ಇಲ್ಲದ ಅಕ್ಕರೆ ಉಕ್ಕಿತು. ತನಗೂ ಬಾರದೆಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಮೇಷ್ಟ್ರು ಕೊರಳ ಪಟ್ಟೆಗಳನ್ನು ಸವರಿಕೊಳ್ಳುತ್ತ, ಇವಳಿಗೆ ಅದೊಂದು ಗಳಿಗೆಯ ಕೆಲಸ ಎಂದುಬಿಟ್ಟರು. ಅವರ ಮುಖದ ಹೆಮ್ಮೆ ನೋಡಿದ ಮೇಲೆ ನಿಜ ಹೇಳುವುದು ಹೇಗೆ? ಅವಳು ಅಕ್ಕನ ಹೆಣಿಗೆಯನ್ನು ಇಸಿದುಕೊಂಡು, ಎಳೆದು ನೋಡಿ, ತಲೆಯಾಡಿಸಿದಳು.

"ಗಿಡ್ಡ ಆತಲ್ಲ ಅಕ್ಕಾರೆ. ಇನ್ನೆರಡು ಪಟ್ಟೆ ಆಗ್ಲಿ, ಆಮ್ಯಾಲೆ ಹೇಳ್ಕೊಡ್ತೀನಿ."

"ಹಂಗೇ ಆಗ್ಲಿ. ನನಗೇನು ಅವಸರ ಐತೆ? ಮುಗಿಯೋ ತನಕ ಇಲ್ಲೇ ಇರ್ತೀನಿ ಅಂತ ಮನ್ಯಾಗೆ ಹೇಳೇ ಬಂದೀನಿ," ಅಂದು ಬಂಗಾರಮ್ಮ ಪೆಟ್ಟಿಗೆಯನ್ನು ನಡುಮನೆಗೆ ಸಾಗಿಸಿದಳು.