ಮೋಕಾ ಪಾಟಿನ ಪಾಠ

ನನ್ನ ಹೆಂಡತಿ ಹೇಮಾವತಿ ಮಾಡುವ ಕಾಫಿಯ ಬಗ್ಗೆ ಮದುವೆಯಾದಾಗಿನಿಂದ ನಾನು ಆಡಿದ್ದು ಒಂದೇ ಮಾತು. ಅದನ್ನೂ ಹಬ್ಬದ ದಿನ, ಕಂಪ್ಲಿಯಿಂದ ಬಂದಿದ್ದ ಅವಳ ಅಕ್ಕ ರೇಣುಕಮ್ಮನ ಎದುರಿಗೇ ಆಡಿದ್ದು ನನ್ನ ಗ್ರಹಚಾರ.

“ಇದು ಕಾಫಿನೋ, ಲೋಟ ತೊಳೆದ ನೀರೋ?” ಎಂದೆ. ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ. ಹೇಮಾವತಿ ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋಗಿ ಸಿಂಕಿಗೆ ಸುರಿದು ಬಂದಳು.

“ನಾಳಿಂದ ಕಾಫಿ ನೀವ ಮಾಡ್ರಿ. ನಿಮಗೂ, ನನಗೂ, ಮನಿಗೆ ಬಂದೋರಿಗೂ. ನಾ ಇನ್ನ ಆ ಡಬ್ಬಿ ಮುಟ್ಟಂಗಿಲ್ಲ.”

“ಮಾಡ್ತೀನಿ. ಅದೇನು ದೊಡ್ಡ ಬ್ರಹ್ಮವಿದ್ಯೇನು?” ಎಂದುಬಿಟ್ಟೆ.

ಕಮಲಾಪುರದಲ್ಲಿ ಗೆಸ್ಟ್‌ಹೌಸ್ ನಡೆಸುವ ಗೆಳೆಯ ಲಿಂಗರಾಜನ ಮುಂದೆ ನನ್ನ ಅಳಲು ತೋಡಿಕೊಂಡೆ. ಅವನು ಅಟ್ಟದಿಂದ ಒಂದು ವಿಚಿತ್ರ ಪಾತ್ರೆ ಇಳಿಸಿ ಕೊಟ್ಟ. ಹಂಪಿ ನೋಡಲು ಬಂದ ಯಾರೋ ವಿದೇಶಿ ಬಿಟ್ಟುಹೋಗಿದ್ದಂತೆ. ಸಣ್ಣ ನಡು, ಚೂಪು ಮೂತಿ, ಕರಿ ಹಿಡಿಕೆ. ಕೆಳಗೆ ನೀರು, ನಡುವೆ ಜರಡಿಯಲ್ಲಿ ಪುಡಿ. ಕುದಿಯುವ ನೀರು ಒತ್ತಡ ತಡೆಯಲಾರದೆ ಪುಡಿಯೊಳಗಿಂದ ನುಗ್ಗಿ ಕಾಫಿಯಾಗಿ ಮೇಲಕ್ಕೇರುತ್ತದೆ. (ಸಂಡೂರಿನ ಗಣಿ ಕಚೇರಿಯಲ್ಲಿ ಇಷ್ಟು ವರ್ಷ ಒತ್ತಡ ತಡೆದರೂ ನಾನು ಮಾತ್ರ ಎಲ್ಲಿಗೂ ಏರಿಲ್ಲ.)

“ಏನ್ರಿ ಇದು?” ಎಂದಳು ಹೇಮಾವತಿ.

“ಮೋಕಾ ಪಾಟ್.”

“ಮೋಕಾದಾಗ ಇಂಥಾವು ಮಾಡ್ತಾರೇನು?” ಬಳ್ಳಾರಿ ಹತ್ತಿರದ ಮೋಕಾದಲ್ಲಿ ಅವಳ ಚಿಕ್ಕಮ್ಮ ಇದ್ದಾಳೆ.

“ಆ ಮೋಕಾ ಅಲ್ಲ. ಇದು ಇಟಲಿದು.”

“ಇಷ್ಟ ಸಣ್ಣ ಗಿಂಡ್ಯಾಗ ಕುಡಿದು ಇಟಲಿಯೋರು ಹೆಂಗ ಬದುಕ್ಯಾರ?”

ಮೊದಲ ಪ್ರಯೋಗದಲ್ಲಿ ಪಾತ್ರೆ ಗ್ಯಾಸ್ ಒಲೆಯ ಮೇಲೆ ನಿಲ್ಲಲೇ ಇಲ್ಲ. ಒಲೆಯ ಕಾಲುಗಳ ನಡುವೆ ಜಾರಿ, ವಾಲಿ, ಉರುಳಿ, ಬೆಂಕಿ ಆರಿಸಿತು. ಮರುದಿನ ಒಲೆಯ ಮೇಲೆ ಜಾಲರಿ ಇಟ್ಟು ಆ ಸಮಸ್ಯೆ ಬಗೆಹರಿಸಿದೆ. ಆದರೆ ಪುಡಿ ಹೆಚ್ಚು ಹಾಕಿದಷ್ಟೂ, ಒತ್ತಿದಷ್ಟೂ ಕಾಫಿ ಗಟ್ಟಿಯಾದೀತೆಂದು ಚಮಚದ ಬೆನ್ನಿನಿಂದ ಮೈಭಾರವೆಲ್ಲ ಹಾಕಿ ಒತ್ತಿದ್ದೆ. ನೀರಿಗೆ ದಾರಿ ಸಿಗಲಿಲ್ಲ. ಪಾತ್ರೆ ಬುಸುಗುಟ್ಟಿ, ಸಂದಿಯಿಂದ ಸಿಡಿದು, ಹೊಸದಾಗಿ ಬಣ್ಣ ಬಳಿಸಿದ ಗೋಡೆಗೆ ಕಾಫಿಯ ಅಭಿಷೇಕವಾಯಿತು. ಅದರ ಮುಂದಿನ ದಿನ ಉರಿ ಜೋರಾಗಿ ಹಿಡಿಕೆ ಮೆತ್ತಗಾಯಿತು; ಕಾಫಿ ಬೇವಿನ ಕಷಾಯಕ್ಕೆ ಅಣ್ಣನಾಯಿತು.

ಅಲ್ಲಿಂದ ಪ್ರತಿ ದಿನವೂ ಹೇಮಾವತಿ ತನ್ನ ಪಾಲಿನ ಕಪ್ಪನ್ನು ಪೂರ್ತಿ ಕುಡಿಯುತ್ತಿದ್ದಳು. ನನಗೆ ಅದೇ ಹೆಚ್ಚು ಉರಿ.

“ಹೆಂಗೈತಿ?”

“ಕಹಿ ಐತಿ.”

“ಕಾಫಿ ಅಂದಮ್ಯಾಲೆ ಕಹಿನ ಇರಬೇಕು.”

“ಹಂಗಾರ ಭಾಳ ಚಲೋ ಐತಿ,” ಎಂದು ಕಪ್ಪು ತೊಳೆಯಲು ಇಡುತ್ತಿದ್ದಳು. (ಕಪ್ಪು ತೊಳೆಯುವುದೂ ಆಗಲೇ ನನ್ನ ಇಲಾಖೆಗೆ ಸೇರಿತ್ತು.)

ಮೊಬೈಲಿನಲ್ಲಿ ಊರೂರಿನವರ ಉಪದೇಶ ಕೇಳಿ ಕೇಳಿ ಕೊನೆಗೆ ವಿದ್ಯೆ ಒಲಿಯಿತು. ಪುಡಿ ತರಿತರಿಯಾಗಿರಬೇಕು, ಒತ್ತಬಾರದು. ಉರಿ ಸಣ್ಣಗಿರಬೇಕು. ಜೇನುಬಣ್ಣದ ನೊರೆ ಬಂದು ಗೊರಗೊರ ಎನ್ನುವಾಗ ಇಳಿಸಿ, ತಳವನ್ನು ನಲ್ಲಿನೀರಿಗೆ ಹಿಡಿಯಬೇಕು. ಅಂದು ಘಮ ಪಡಸಾಲೆವರೆಗೆ ಹೋಯಿತು. ಹೇಮಾವತಿ ಕುಡಿದು, “ಇವತ್ತು ಕುಡಿಯೋಹಂಗೈತಿ” ಎಂದಳು. ನನಗೆ ಹಂಪಿ ಉತ್ಸವದ ವೇದಿಕೆಯ ಮೇಲೆ ಶಾಲು ಹೊದಿಸಿದಂತಾಯಿತು.

ಆ ಭಾನುವಾರವೇ ಕಂಪ್ಲಿಯವರು ಬಂದರು. ರೇಣುಕಮ್ಮ, ಅವಳ ಗಂಡ ಅಂದರೆ ನನ್ನ ಷಡ್ಡಕ ಎರ್ರೆಪ್ಪ, ಅವರ ಮಗ, ಸೊಸೆ, ಮತ್ತು ನನ್ನ ಅತ್ತೆ ಗಾಳೆಮ್ಮ. ಅತ್ತೆ ಇದುವರೆಗೆ ಇದ್ದದ್ದು ರೇಣುಕಮ್ಮನ ಮನೆಯಲ್ಲಿ. ಇನ್ನು ಮುಂದೆ ಎಲ್ಲಿರಬೇಕು ಎಂಬ ಮಾತು ಫೋನಿನಲ್ಲಿ ಬಹಳ ದಿನದಿಂದ ನಡೆದಿತ್ತು. ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ: ನಮ್ಮ ಮನೆ ಸಣ್ಣದು, ಮುಂದಿನ ಕೋಣೆಯಲ್ಲಿ ನಾನು ಮಲಗುತ್ತೇನೆ, ಹೊಸಪೇಟೆಯ ಧೂಳು ವಯಸ್ಸಾದವರಿಗೆ ಆಗುವುದಿಲ್ಲ.

“ಇವತ್ತು ನಾ ಮಾತಾಡ್ತೀನಿ. ನೀ ಸುಮ್ನ ಕುಂದ್ರು,” ಎಂದು ಹೆಂಡತಿಗೆ ಮೊದಲೇ ಹೇಳಿದ್ದೆ.

“ಆತು,” ಎಂದಿದ್ದಳು.

ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಗಿದವು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹೇಮಾವತಿ, “ಅಕ್ಕಾ, ಕಾಫಿ ಈಗ ನಮ್ಮನಿಯವರ ಕೈದು. ಏನ್ ಮಸ್ತ್ ಮಾಡ್ತಾರ ಅಂತಿ” ಎಂದಳು. ಹೆಂಡತಿ ನಾಲ್ಕು ಜನರೆದುರು ಹೊಗಳಿದರೆ ಯಾವ ಗಂಡ ಕೂತಿರುತ್ತಾನೆ? ಎದ್ದು ಒಳಗೆ ಹೋದೆ.

ನನ್ನ ಪಾತ್ರೆ ಮೂರು ಕಪ್ಪಿನದು. ಆ ಕಪ್ಪು ಇಟಲಿಯ ಲೆಕ್ಕದ್ದು, ಕಂಪ್ಲಿಯ ಲೆಕ್ಕದ್ದಲ್ಲ. ಮೊದಲ ಸಲದ್ದನ್ನು ರೇಣುಕಮ್ಮನಿಗೂ ಎರ್ರೆಪ್ಪನಿಗೂ ಕೊಟ್ಟೆ. ಎರ್ರೆಪ್ಪ ಒಂದೇ ಗುಟುಕಿಗೆ ಕಪ್ಪು ಖಾಲಿ ಮಾಡಿ, “ರುಚಿ ನೋಡಿದ್ವಿ, ಚಲೋ ಐತಿ. ಇನ್ನ ಕಾಫಿ ತರ್ರಿ” ಎಂದ.

ಮತ್ತೆ ಒಳಗೆ. ಕಾದ ಪಾತ್ರೆಯ ತಿರುಪು ಬಿಚ್ಚಲು ಬರುವುದಿಲ್ಲ. ಆರಬೇಕು, ಪುಡಿ ಕೊಡವಬೇಕು, ತೊಳೆಯಬೇಕು, ತುಂಬಬೇಕು, ಸಣ್ಣ ಉರಿಯಲ್ಲಿ ಕಾಯಬೇಕು. ಪಡಸಾಲೆಯಿಂದ ‘ಅವ್ವ’ ಎಂಬ ಮಾತು ಕೇಳಿಸಿತು. ‘ಮುಂದಿನ ಖೋಲಿ’ ಎಂಬುದೂ ಕೇಳಿಸಿತು. ಬಿಟ್ಟುಹೋದರೆ ಕಾಫಿ ಸೀಯುತ್ತದೆ.

“ತಡೀರಿ, ನಾ ಬಂದೆ,” ಎಂದು ಅಲ್ಲಿಂದಲೇ ಕೂಗಿದೆ.

“ಗಡಿಬಿಡಿ ಮಾಡಬ್ಯಾಡ್ರಿ, ಕಹಿ ಆಗತೈತಿ,” ಎಂದು ಹೇಮಾವತಿ ಅಲ್ಲಿಂದಲೇ ಉತ್ತರಿಸಿದಳು. ಎಲ್ಲರೂ ನಕ್ಕರು.

ಎರಡನೆಯದು ಮಗ, ಸೊಸೆಗೆ ಸರಿಹೋಯಿತು. ಮೂರನೆಯದನ್ನು ಹಿಡಿದು ಅತ್ತೆಯ ಮುಂದೆ ನಿಂತಾಗ ಪಡಸಾಲೆಯಲ್ಲಿ ಎಲ್ಲರೂ ಕೆಲಸ ಮುಗಿದವರಂತೆ ಒರಗಿ ಕೂತಿದ್ದರು. ಗಾಳೆಮ್ಮ ಒಂದು ಗುಟುಕು ಕುಡಿದು ಮುಖ ಕಿವಿಚಿದರು.

“ಅಳಿಯಂದಿರ, ಭಾಳ ಕಡಕ್ ಆತು. ನಾಳಿ ಒಂಚೂರು ತೆಳ್ಳಗ ಮಾಡ್ರಿ. ಮತ್ತ ನಸುಕಿನ್ಯಾಗ ಬೇಕು ನನಗ, ತಡ ಆದ್ರ ತಲಿ ಹಿಡೀತೈತಿ.”

“ನಾಳೆ?” ಎಂದು ಹೆಂಡತಿಯ ಮುಖ ನೋಡಿದೆ.

“ನೀವು ಒಳಗಿದ್ರಿ. ನಾವ ಮಾತಾಡಿ ಮುಗಿಸಿದ್ವಿ,” ಎಂದಳು ಹೇಮಾವತಿ. ದನಿ ಏರಿಸಲಿಲ್ಲ. “ನಿಮ್ಮ ತಂಗಿ ಮದುವಿ ಮಾತು ಆಡುವಾಗ ನಾ ಒಳಗಿದ್ದೆ. ಈ ಮನಿ ಹೆಂಗ ಕಟ್ಟಬೇಕು ಅನ್ನುವಾಗೂ ಒಳಗಿದ್ದೆ. ಆಮ್ಯಾಲ ಹೇಳಿದ್ರಿ. ಈಗ ನಾನೂ ಆಮ್ಯಾಲ ಹೇಳೇನಿ.”

ಹೊರಗೆ ಎರ್ರೆಪ್ಪ ಗಾಡಿಯ ಹಿಂದಿನ ಬಾಗಿಲು ತೆರೆದ.

“ಜಂಬುನಾಥ್, ಬರ್ರಿ ಇತ್ಲಾಗ. ಒಂದು ಕೈ ಹಿಡೀರಿ,” ಎಂದು ನನ್ನನ್ನು ಕೂಗಿದ.

ನನ್ನ ಕೈಯಲ್ಲಿ ಟ್ರೇ ಇತ್ತು. ಹೇಮಾವತಿ ಎದ್ದು ಬಂದು ಅದನ್ನು ತೆಗೆದುಕೊಂಡಳು. ನಾನು ಹೋಗಿ ಗಾಡಿಯಲ್ಲಿದ್ದ ಅತ್ತೆಯ ಕಬ್ಬಿಣದ ಟ್ರಂಕಿನ ಒಂದು ತುದಿ ಹಿಡಿದೆ. ತುಂಬ ಭಾರವಿತ್ತು. ನಾಲ್ಕು ದಿನ ಇದ್ದು ಹೋಗಲು ಬಂದವರ ಟ್ರಂಕು ಅದಲ್ಲ.