ಕಿವಿಗೆ ಕೇಳದ ಆನೆ

ನನ್ನ ಆನೆಯ ಎಡಗಿವಿಯ ಅಂಚಿನಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಂದು ತೂತಿತ್ತು. ಅದು ಇರಲೇಬೇಕೆಂದೇನಿರಲಿಲ್ಲ, ಎಂಟನೇ ತರಗತಿಗೆ ಶಬ್ದದ ಪಾಠ ಹೇಳಲು ತೂತಿಲ್ಲದ ಕಿವಿಯೂ ಸಾಕಾಗುತ್ತಿತ್ತು. ಆದರೆ ನನಗೆ ಯಾವುದನ್ನೂ ಅರೆಬರೆ ಹೇಳಿ ಅಭ್ಯಾಸವಿಲ್ಲ. ಮಾತಾಡುವುದೇ ಕಡಿಮೆ, ಆಡಿದ್ದಾದರೂ ಖಚಿತವಾಗಿರಲಿ ಎಂಬ ಹಟ. "ಇವಳ ಬಾಯಿ ಬಿಡಿಸೋಕೆ ಹಲ್ಲಿನ ಡಾಕ್ಟರೇ ಬರಬೇಕು" ಎನ್ನುತ್ತಿದ್ದರು ನಮ್ಮ ಚಿಕ್ಕಮ್ಮ. ಅಂಥವಳು ಪಾಠ ಹೇಳುವ ಕೆಲಸಕ್ಕೆ ಸೇರಿದ್ದು ಮನೆಯವರಿಗೆ ಇವತ್ತಿಗೂ ನಗೆಯ ವಿಷಯ.

ಸಕಲೇಶಪುರಕ್ಕೂ ಆಲೂರಿಗೂ ನಡುವೆ, ಹೆದ್ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದೇ ಹೋಗಬೇಕಾದ ಊರಿನ ಪ್ರೌಢಶಾಲೆ ನಮ್ಮದು. ಬಿಸಿಯೂಟದ ನಂತರದ ಪೀರಿಯಡ್ಡು ನನ್ನ ಪಾಲಿನದು. ಹೊಟ್ಟೆ ತುಂಬ ಅನ್ನ ಸಾರು ಉಂಡ ಮಕ್ಕಳಿಗೆ ನನ್ನ ವಿಜ್ಞಾನ ಸೊಗಸಾದ ಜೋಗುಳವಾಗುತ್ತಿತ್ತು. ಕತೆ ಹೇಳಿ ಪಾಠ ಮಾಡಿ ಎಂದು ಬಿ.ಎಡ್.ನಲ್ಲಿ ಕಲಿಸಿದ್ದರು, ಕತೆ ಹೇಳಿದ ಮೇಲೆ ಏನಾಗುತ್ತದೆಂದು ಕಲಿಸಿರಲಿಲ್ಲ. "ನಮ್ಮ ಶಾಲೆ ಹಿಂದೆ ಮೋರಿ ಹತ್ತಿರ ಬಿದಿರುಮೆಳೆ ಇದೆಯಲ್ಲ, ನಿನ್ನೆ ಸಂಜೆ ಅಲ್ಲೊಂದು ಹೆಣ್ಣಾನೆ ನಿಂತಿತ್ತು" ಎಂದು ಒಂದು ದಿನ ಶುರು ಮಾಡಿದೆ. ಗೋಡೆಗೆ ಒರಗಿದ್ದ ತಲೆಗಳೆಲ್ಲ ನೆಟ್ಟಗಾದವು. ಆನೆ ತಪ್ಪಿಸಿಕೊಂಡ ಮರಿಯನ್ನು ಕರೆಯುತ್ತಿತ್ತು. ಆ ಕರೆ ನಮಗೆ ಕೇಳುವುದಿಲ್ಲ, ಏಕೆಂದರೆ ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿನ ಶಬ್ದದಲ್ಲೂ ಆನೆಗಳು ಮಾತಾಡಿಕೊಳ್ಳುತ್ತವೆ. "ಮಿಸ್, ಈಗ್ಲೂ ಕೂಗ್ತಾ ಇರಬೌದಾ?" ಎಂದಳು ಮುಂದಿನ ಬೆಂಚಿನ ಚೈತ್ರ. "ಇರಬಹುದು" ಎಂದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನಾನು ಬಾಡಿಗೆಗಿರುವ ಮನೆ ಮೋರಿಯ ಆಚೆಗಿದೆ. ಅಂದು ಅದನ್ನು ದಾಟಿ ಹೋಗುವಾಗ ನನ್ನ ನಡಿಗೆಯಲ್ಲೇ ಸ್ವಲ್ಪ ಗತ್ತಿತ್ತು.

ಮರುದಿನ ಅರ್ಧ ತರಗತಿ ಖಾಲಿ. ನಮ್ಮ ಕಡೆ ಆನೆ ಎಂದರೆ ಬರೀ ಆನೆಯಲ್ಲ. ದಂತದ ಬಾಗು, ಬಾಲದ ಕೂದಲು, ಕಿವಿಯ ಹರಕು ನೋಡಿ ನೆಂಟರ ಗುರುತು ಹಿಡಿದಂತೆ ಹಿಡಿಯುತ್ತಾರೆ. ಎಲ್ಲಿ ಕಂಡಿತೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಚೈತ್ರಳ ಬಾಯಿಂದ ಹೊರಟ ನನ್ನ ಆನೆ ರಾತ್ರಿ ಊಟದ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಇತ್ತು, ಕಿವಿಯ ತೂತಿನ ಸಮೇತ. ಬೆಳಿಗ್ಗೆ ಮಲ್ಲೇಗೌಡರ ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಒಬ್ಬರೂ ಹೋಗಲಿಲ್ಲ. ಗೌಡರು ಜೀಪಿನಲ್ಲಿ ನೇರ ಶಾಲೆಗೇ ಬಂದರು.

"ಮೇಡಮ್ಮೋರೆ, ನಿಮ್ಮಾನೆ ಎತ್ಲಾಗ್ ಹೋಯ್ತು?"

"ಅದು ಪಾಠದ ಆನೆ, ಸಾರ್."

"ಪಾಠದ್ದೋ ಕಾಡಿಂದೋ, ನನ್ ಹಣ್ಣು ನೆಲಕ್ಕುದುರ್ತಾ ಐತೆ ಕಣಮ್ಮ! ನೀವೇ ಬಂದು ಲೈನಲ್ಲಿ ಹೇಳಿ. ಇಲ್ಲಾ, ಈ ಕತೆ ಗಿತೆ ಎಲ್ಲ ನಿಲ್ಸ್‌ಬುಡಿ."

"ಇನ್ಮೇಲೆ ಪುಸ್ತಕದಲ್ಲಿರೋದಷ್ಟೇ ಸಾಕು ಅನ್ಸುತ್ತೆ ಮೇಡಂ" ಎಂದು ಹೆಡ್‌ಮಾಸ್ಟರೂ ದನಿಗೂಡಿಸಿದರು. ನನಗೆ ನೆಟ್ಟಗಾದ ಆ ತಲೆಗಳು ಕಣ್ಣ ಮುಂದೆ ಬಂದವು. ಮತ್ತೆ ಜೋಗುಳಕ್ಕೆ ಮರಳುವುದು ನನ್ನಿಂದಾಗದು. ಜೀಪು ಹತ್ತಿದೆ.

ತೋಟದ ಕೆಲಸದವರ ಸಾಲುಮನೆಗಳೇ ಲೈನು. ಮದುವೆ ಮನೆಯಲ್ಲಿ ಅಡುಗೆ ಚೆನ್ನಾಗಿತ್ತು ಎನ್ನಲೂ ಹಿಂಜರಿಯುವ ನಾನು, ಅಷ್ಟು ಹೆಂಗಸರ ಮುಂದೆ ನಿಂತು, "ಆ ಆನೆ ನಾನೇ ಕಟ್ಟಿದ ಕತೆ" ಎಂದೆ.

"ಕಿವಿ ತೂತು?" ಚೈತ್ರಳ ತಾಯಿ ಸರೋಜಕ್ಕ ಕೇಳಿದರು.

"ಅದೂ."

"ಅಳತೆ ಕೊಟ್ಟು ಯಾರ್ ಸುಳ್ ಹೇಳ್ತಾರೆ ಮಾರಾಯ್ರೆ! ಹೋಗ್ಲಿ, ಕೂಗಿದ್ರೆ ಕೇಳ್ಸಲ್ಲ ಅಂದಿದ್ದು?"

"ಅದು ನಿಜ."

"ಹಂಗಾರೆ ಆನೆ ಇಲ್ಲ ಅಂತ ಹೆಂಗ್ ಹೇಳ್ತೀರಾ? ಸದ್ದೇ ಇಲ್ಲ ಅಂದ್ರೆ ಅಲ್ಲೇ ಕೂಗ್ತಾ ನಿಂತಿರಬೌದಲ್ಲ?"

ಎಂ.ಎಸ್ಸಿ. ಓದಿದ ನಾನು ಗೌಡರ ಮುಖ ನೋಡಿದೆ. "ಒಳ್ಳೆ ಪಾಠ ಮಾಡಿದ್ದೀರ ಕಣಮ್ಮ" ಎಂದು ಅವರು ಹಣೆ ಒತ್ತಿಕೊಂಡರು. ಕೊನೆಗೆ ಸರೋಜಕ್ಕನೇ ಬುಟ್ಟಿ ಎತ್ತಿಕೊಂಡು, "ಮೇಡಮ್ಮೋರು ಮುಂದೆ ನಡೀಲಿ, ನಾವ್ ಹಿಂದೆ ಬತ್ತೀವಿ" ಎಂದರು. ನಡೆದೆ. ಮೋರಿ ದಾಟಿ, ಬಿದಿರುಮೆಳೆ ಬಳಸಿ, ತಲೆಯೆತ್ತಿಯೇ ನಡೆದೆ. "ಬಾಲ ಏನಾರ ಕಂಡ್ರೆ ಕೂಗಿ ಮೇಡಮ್ಮೋರೆ, ನಿಮ್ ಕೂಗು ನಮಗ್ ಕೇಳ್ತದೆ!" ಎಂದು ಹಿಂದಿನಿಂದ ಯಾರೋ ಅಂದರು, ಸಾಲಿಗೆ ಸಾಲೇ ನಕ್ಕಿತು. ತೋಟ ತಲುಪಿ ಅವರು ಕೊಯ್ಲಿಗೆ ಇಳಿದ ಮೇಲೆ ಗೌಡರು ನನ್ನನ್ನು ಶಾಲೆಗೆ ಬಿಟ್ಟು, "ಕತೆ ಹೇಳ್ಕಳ್ಲಿ ಬುಡಿ ಸಾರ್. ಆನೆ ಒಂದ್ ಬ್ಯಾಡ" ಎಂದು ಹೆಡ್‌ಮಾಸ್ಟರಿಗೆ ತೀರ್ಪು ಕೊಟ್ಟರು.

ಮಧ್ಯಾಹ್ನಕ್ಕೆ ಮಕ್ಕಳೆಲ್ಲ ಬಂದಿದ್ದರು. ಆನೆ ಸುಳ್ಳು, ಶಬ್ದ ನಿಜ ಎಂದು ಬಿಡಿಸಿ ಹೇಳಿದೆ. ಚೈತ್ರ ಕೈಯೆತ್ತಿದಳು. "ಮರಿ ಸಿಕ್ತಾ ಮಿಸ್?"

"ಅದು ಸುಳ್ಳು ಅಂದೆನಲ್ಲ?"

"ಗೊತ್ತು ಮಿಸ್. ಮರಿ ಸಿಕ್ತಾ?"

"ಸಿಕ್ತು" ಎಂದೆ. ಇಡೀ ತರಗತಿ ಉಸಿರು ಬಿಟ್ಟಿತು. ಅಷ್ಟು ತೃಪ್ತಿಯಿಂದ ನಾನು ಯಾವತ್ತೂ ಹಾಜರಿ ಪುಸ್ತಕ ಮುಚ್ಚಿರಲಿಲ್ಲ.

ಮಾರನೆಯ ಬೆಳಿಗ್ಗೆ ಎಂದಿನಂತೆ ಶಾಲೆಗೆ ಹೊರಟೆ. ಮೋರಿಯ ತಿರುವಿನಲ್ಲಿ ಮಂಜಿತ್ತು, ಬಿದಿರು ಅರ್ಧ ಮಾತ್ರ ಕಾಣುತ್ತಿತ್ತು. ನಿಂತು ಕಿವಿಗೊಟ್ಟೆ. ಹಕ್ಕಿಯಿಲ್ಲ, ಎಲೆಯಿಲ್ಲ, ಏನೇನೂ ಕೇಳಿಸಲಿಲ್ಲ. ಮೆಲ್ಲಗೆ ಹಿಂದೆ ಸರಿದು, ಲೈನಿನ ದಾರಿ ಕೂಡುವಲ್ಲಿ ಕಾದು ನಿಂತೆ. ಲೈನಿನ ಹೆಂಗಸರ ಜೊತೆ ಬುಟ್ಟಿ ಹೊತ್ತು ಬಂದ ಸರೋಜಕ್ಕ, "ಯಾಕ್ ಮೇಡಮ್ಮೋರೆ, ಇಲ್ ನಿಂತ್‌ಬುಟ್ರಿ?" ಎಂದರು.

"ಬಸ್ಸಿಗೆ" ಎಂದೆ.

ಆ ದಾರಿಯಲ್ಲಿ ಬಸ್ಸಿಲ್ಲವೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರೆಲ್ಲರ ನಡುವೆ ಸೇರಿಕೊಂಡು ಶಾಲೆಗೆ ಹೋದೆ.